ನೈಋತ್ಯದ ಟ್ಯಾಂಕು, ಈಶಾನ್ಯದ ನೆರಳು

ಸೋಲಾರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಪರಿಚಯದವರು ಫೋನ್ ಮಾಡಿದರೆ ನಾನು ಇನ್ವರ್ಟರ್ ಯಾವುದು, ಪ್ಯಾನೆಲ್ ಎಷ್ಟು ವಾಟ್‌ನದು ಎಂದೆಲ್ಲ ಕೇಳುವುದಿಲ್ಲ. ‘ನೀರಿನ ಟ್ಯಾಂಕು ಯಾವ ಮೂಲೆಯಲ್ಲಿದೆ?’ ಎಂದು ಕೇಳುತ್ತೇನೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, ಇದೆಂಥ ಪ್ರಶ್ನೆ ಎಂಬ ಧ್ವನಿಯಲ್ಲಿ ಉತ್ತರ ಬರುತ್ತದೆ: ‘ನೈಋತ್ಯದಲ್ಲಿ. ಇನ್ನೆಲ್ಲಿರುತ್ತದೆ?’

ತುಮಕೂರಿನ ಯಾವುದಾದರೂ ಹೊಸ ಬಡಾವಣೆಯ ತಾರಸಿ ಹತ್ತಿ ಸುತ್ತ ನೋಡಿ. ಕಪ್ಪು ಟ್ಯಾಂಕುಗಳು ಕವಾಯತಿಗೆ ನಿಂತವರಂತೆ ಮನೆಮನೆಯ ಒಂದೇ ಮೂಲೆಯಲ್ಲಿ ನಿಂತಿರುತ್ತವೆ. ನೈಋತ್ಯ ಭಾರವಾಗಿರಬೇಕು, ಎತ್ತರವಾಗಿರಬೇಕು; ಈಶಾನ್ಯ ತಗ್ಗಾಗಿರಬೇಕು, ಖಾಲಿ ಇರಬೇಕು. ಇದು ವಾಸ್ತುವಿನ ಮಾತು. ಸೋಲಾರ್ ಹಾಕಲು ಬಂದವರು ತಾರಸಿಯಲ್ಲಿ ಖಾಲಿ ಜಾಗ ಎಲ್ಲಿದೆ ಎಂದು ನೋಡುತ್ತಾರೆ. ಈಶಾನ್ಯ ಹೇಗೂ ಖಾಲಿ ಇದೆ. ಅಲ್ಲಿಗೆ ಕೆಲಸ ಮುಗಿಯಿತು.

ಕ್ಯಾತ್ಸಂದ್ರದಲ್ಲಿರುವ ನಮ್ಮ ಭಾವನವರ ಮನೆಯಲ್ಲೂ ಹೀಗೆಯೇ ಆಯಿತು. ತಲಾ 330 ವಾಟ್‌ನ ಒಂಬತ್ತು ಪ್ಯಾನೆಲ್, ಸುಮಾರು 3 ಕಿಲೋವಾಟ್, ಎಲ್ಲವೂ ಒಂದೇ ಸರಣಿಯಲ್ಲಿ. ಜಾಗ ನೋಡಿ ಹೋದದ್ದು ಮೇ ತಿಂಗಳ ನಡುಹಗಲು. ತಾರಸಿಯ ಮೇಲೆ ನೆರಳಿನ ಸುಳಿವೇ ಇರಲಿಲ್ಲ. ಇರುವುದಾದರೂ ಹೇಗೆ? ನಮ್ಮ ಊರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯನ್ನೂ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಆಗ ಟ್ಯಾಂಕಿನ ಗಿಡ್ಡ ನೆರಳು ದಕ್ಷಿಣದ ಪ್ಯಾರಪೆಟ್ ಕಡೆಗೆ ಬೀಳುತ್ತದೆ. ಸಂಜೆಯಾಗುತ್ತ ಉದ್ದವಾದರೂ ಅದು ಚಾಚುವುದು ಪೂರ್ವಕ್ಕೆ, ಕೊಂಚ ಆಗ್ನೇಯಕ್ಕೆ. ಈಶಾನ್ಯದ ಪ್ಯಾನೆಲ್‌ಗಳಿಗೆ ಅದರ ಗೊಡವೆಯೇ ಇಲ್ಲ.

ಡಿಸೆಂಬರ್‌ನ ಲೆಕ್ಕ ಬೇರೆ. ಆಗ ಮಧ್ಯಾಹ್ನ ಮೂರೂಕಾಲು ದಾಟುವ ಹೊತ್ತಿಗೆ ಸೂರ್ಯ ಹೆಚ್ಚುಕಡಿಮೆ ನೈಋತ್ಯದಲ್ಲೇ, 33 ಡಿಗ್ರಿಗಿಂತ ಕೆಳಗೆ ಇರುತ್ತಾನೆ. ಪ್ಯಾನೆಲ್ ಮಟ್ಟಕ್ಕಿಂತ ಎಂಟು ಅಡಿ ಎತ್ತರದ ಟ್ಯಾಂಕಿಗೆ ಹನ್ನೆರಡೂವರೆ ಅಡಿ ನೆರಳು. ಇನ್ನೊಂದು ಗಂಟೆ ಕಳೆದರೆ ಇಪ್ಪತ್ತು ಅಡಿ ದಾಟುತ್ತದೆ. ಬೀಳುವ ದಿಕ್ಕು ನೇರ ಈಶಾನ್ಯ. ಗುರಿಯಿಟ್ಟು ಹೊಡೆದಂತೆ.

‘ಅಷ್ಟು ದೊಡ್ಡ ತಾರಸಿಯಲ್ಲಿ ಒಂದು ಟ್ಯಾಂಕಿನ ನೆರಳು ಏನು ಮಹಾ ಮಾಡುತ್ತದೆ ಬಿಡು’ ಎಂದರು ಭಾವ. ಸೋಲಾರ್ ಬಗ್ಗೆ ನಮ್ಮಲ್ಲಿರುವ ಅತಿ ದೊಡ್ಡ ತಪ್ಪು ತಿಳಿವಳಿಕೆಯೇ ಇದು. ಹತ್ತರಲ್ಲಿ ಒಂದು ಪಾಲು ನೆರಳಾದರೆ ಹತ್ತರಲ್ಲಿ ಒಂದು ಪಾಲು ವಿದ್ಯುತ್ ಕಡಿಮೆ ಎಂಬ ದಿನಸಿ ಅಂಗಡಿಯ ಲೆಕ್ಕ. ಸೋಲಾರ್ ನೀರೊಲೆಯಾಗಿದ್ದರೆ ಆ ಲೆಕ್ಕ ಬಹುಮಟ್ಟಿಗೆ ಸರಿಯೇ. ನಮ್ಮೂರಿನಲ್ಲಿ ಸೋಲಾರ್ ಎಂದರೆ ಇಂದಿಗೂ ಅನೇಕರಿಗೆ ಬಿಸಿನೀರೇ. ಗೊಂದಲದ ಬೇರು ಅಲ್ಲೇ ಇದೆ. ನೀರೊಲೆಗೆ ಬೇಕಾದದ್ದು ಶಾಖ, ಪ್ಯಾನೆಲ್‌ಗೆ ಬೇಕಾದದ್ದು ಬೆಳಕು. ಶಾಖ ಪ್ಯಾನೆಲ್‌ನ ಶತ್ರು. ಸಿಲಿಕಾನ್ ಸೆಲ್ 25 ಡಿಗ್ರಿಯಿಂದ ಮೇಲೆ ಒಂದೊಂದು ಡಿಗ್ರಿ ಬಿಸಿಯಾದಾಗಲೂ ಅದರ ಸಾಮರ್ಥ್ಯ ಶೇಕಡ 0.35ರಿಂದ 0.4ರಷ್ಟು ಇಳಿಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ 60 ಡಿಗ್ರಿ ಮುಟ್ಟಿದ ಸೆಲ್ ಶೇಕಡ 12ಕ್ಕಿಂತ ಹೆಚ್ಚು ಕಳೆದುಕೊಂಡಿರುತ್ತದೆ. ತಂಪು ಗಾಳಿ ಬೀಸುವ, ಆಕಾಶ ತಿಳಿಯಾಗಿರುವ ಫೆಬ್ರವರಿಯ ಹಗಲೇ ಅದಕ್ಕೆ ಹಬ್ಬ.

ನೆರಳಿಗೆ ಬರೋಣ. ಒಂದು ಸೆಲ್ ಎಂದರೆ ಅಂಗೈಗಿಂತ ಸ್ವಲ್ಪ ದೊಡ್ಡದಾದ, ಆರು ಇಂಚು ಚೌಕದ ತೆಳು ಬಿಲ್ಲೆ. ಎಷ್ಟೇ ಬಿಸಿಲಿದ್ದರೂ ಅದು ಕೊಡುವುದು ಅರ್ಧ ವೋಲ್ಟ್ ಚಿಲ್ಲರೆ. ಅದರಿಂದ ಏನೂ ನಡೆಯುವುದಿಲ್ಲವಾದ್ದರಿಂದ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತ 72 ಸೆಲ್‌ಗಳನ್ನು ಪೋಣಿಸುತ್ತಾರೆ. ಅದು ಒಂದು ಪ್ಯಾನೆಲ್. ಒಂಬತ್ತು ಪ್ಯಾನೆಲ್‌ಗಳನ್ನು ಮತ್ತೆ ಹಾಗೆಯೇ ಪೋಣಿಸುತ್ತಾರೆ. ಒಟ್ಟು 648 ಸೆಲ್‌ಗಳ ಒಂದೇ ಸರ. ಸರಣಿಯಲ್ಲಿ ವೋಲ್ಟೇಜ್ ಕೂಡುತ್ತ ಹೋಗುತ್ತದೆ, ಕರೆಂಟ್ ಮಾತ್ರ ಎಲ್ಲ ಕಡೆ ಒಂದೇ. ಇಡೀ ಕಥೆ ಈ ಒಂದು ವಾಕ್ಯದಲ್ಲಿದೆ.

ಮನೆಗೆ ಮೋಲ್ಡ್ ಹಾಕುವ ದಿನ ನೆನಪಿಸಿಕೊಳ್ಳಿ. ಕೆಳಗಿನಿಂದ ಮೇಲಿನವರೆಗೆ ಆಳುಗಳು ಸಾಲಾಗಿ ನಿಂತು ಕಾಂಕ್ರೀಟ್ ತುಂಬಿದ ಬಾಂಡಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಒಬ್ಬೊಬ್ಬರೂ ಅದನ್ನು ಒಂದಿಷ್ಟು ಮೇಲಕ್ಕೆ ಎತ್ತುತ್ತಾರೆ, ಅದು ವೋಲ್ಟೇಜ್. ನಿಮಿಷಕ್ಕೆ ಎಷ್ಟು ಬಾಂಡಲಿ ಸಾಗಿತು ಎಂಬುದು ಕರೆಂಟ್. ನಡುವೆ ಒಬ್ಬ ತೂಕಡಿಸಿದರೆ? ಅವನ ಕೆಳಗಿನವರು ಎಷ್ಟೇ ಗಟ್ಟಿಗರಾಗಿರಲಿ, ಸಾಲಿನ ವೇಗ ತೂಕಡಿಸುವವನ ವೇಗವೇ. ನೆರಳಿಗೆ ಸಿಕ್ಕ ಸೆಲ್ ಆ ತೂಕಡಿಸುವವನು. ಹನಿ ನೀರಾವರಿ ಮಾಡಿದವರಿಗೆ ಬೇರೆ ರೀತಿ ಹೇಳಬಹುದು: ಪೈಪಿನ ಮೇಲೆ ಎತ್ತು ಕಾಲಿಟ್ಟು ನಿಂತರೆ ಮೋಟಾರು ಎಷ್ಟು ಎಚ್‌ಪಿಯದು ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಆದರೆ ಈ ಎರಡು ಹೋಲಿಕೆಗಳೂ ಪೂರ್ತಿ ಸತ್ಯ ಹೇಳುವುದಿಲ್ಲ. ತೂಕಡಿಸುವ ಆಳು ಸುಮ್ಮನೆ ನಿಂತಿರುತ್ತಾನೆ, ಅಷ್ಟೆ. ನೆರಳಿನ ಸೆಲ್ ಸುಮ್ಮನಿರುವುದಿಲ್ಲ. ಬಿಸಿಲಿನಲ್ಲಿರುವ ಉಳಿದ ಸೆಲ್‌ಗಳು ತಮ್ಮ ಕರೆಂಟನ್ನು ಅದರ ಮೂಲಕ ಬಲವಂತವಾಗಿ ನೂಕುತ್ತವೆ. ಆಗ ಅದರ ವೋಲ್ಟೇಜ್ ತಲೆಕೆಳಗಾಗುತ್ತದೆ: ವಿದ್ಯುತ್ ಕೊಡಬೇಕಾದದ್ದು ವಿದ್ಯುತ್ ತಿನ್ನಲು ತೊಡಗುತ್ತದೆ. ಬರೀ ಹನ್ನೆರಡು ವೋಲ್ಟ್ ಅದರ ಮೇಲೆ ಬಿದ್ದು ಎಂಟು ಆಂಪಿಯರ್ ಹರಿದರೂ 96 ವಾಟ್. ಹಳೆಯ ಕಾಲದ ನೂರರ ಬಲ್ಬಿನಷ್ಟು ಶಾಖ ಆರಿಂಚಿನ ಬಿಲ್ಲೆಯೊಳಗೆ. ಹಳೆಯ ಪ್ಯಾನೆಲ್‌ಗಳ ಬೆನ್ನಿನಲ್ಲಿ ಕಂದು ಬಣ್ಣದ ಸುಟ್ಟ ಕಲೆ ಕಂಡಿದ್ದರೆ ಅದು ಇದೇ. ದೃಷ್ಟಿ ತಾಕಿತು ಎಂದು ಮೆಣಸಿನಕಾಯಿ, ನಿಂಬೆಹಣ್ಣು ಕಟ್ಟಿದವರನ್ನು ನೋಡಿದ್ದೇನೆ. ಕಟ್ಟಿದ ನಿಂಬೆಹಣ್ಣಿನ ನೆರಳೂ ಪ್ಯಾನೆಲ್ ಮೇಲೆಯೇ ಬೀಳುತ್ತಿತ್ತು.

ಇದಕ್ಕೆ ಮದ್ದು ಬೈಪಾಸ್ ಡಯೋಡ್. ಪ್ಯಾನೆಲ್ ಹಿಂದಿನ ಕರಿಯ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಡಯೋಡ್‌ಗಳಿರುತ್ತವೆ, ಒಂದೊಂದು 24 ಸೆಲ್‌ಗಳ ಗುಂಪಿಗೆ. ಗುಂಪಿನಲ್ಲಿ ಯಾವುದೋ ಸೆಲ್ ಅಡ್ಡ ಮಲಗಿದರೆ ಡಯೋಡ್ ತನ್ನ ಬಾಗಿಲು ತೆರೆದು, ‘ನೀವು ಈ ಕಡೆಯಿಂದ ಹೋಗಿ’ ಎಂದು ಕರೆಂಟನ್ನು ದಾಟಿಸುತ್ತದೆ. ಮೇಸ್ತ್ರಿ ಬಂದು ತೂಕಡಿಸುವವನ ಜೊತೆ ಅವನ ಅಕ್ಕಪಕ್ಕದ ಇಪ್ಪತ್ತಮೂರು ಜನರನ್ನೂ ಪಕ್ಕಕ್ಕೆ ಸರಿಸಿದ ಹಾಗೆ. ಸಾಲು ಉಳಿಯಿತು, ಆದರೆ ತಪ್ಪಿಲ್ಲದವರ ದುಡಿಮೆಯೂ ಹೋಯಿತು. ಕಾಗೆಯ ದೊಡ್ಡದೊಂದು ಹಿಕ್ಕೆ ಒಂದು ಸೆಲ್ಲಿನ ಬಹುಭಾಗ ಮುಚ್ಚಿದರೆ ಪ್ಯಾನೆಲ್‌ನ ಮೂರನೇ ಒಂದು ಭಾಗ ರಜೆ ಹಾಕಬಹುದು.

ಹಾಗಿದ್ದರೆ ಸರಣಿ ಏಕೆ ಬೇಕು, ಒಂದೊಂದು ಪ್ಯಾನೆಲ್‌ನಿಂದಲೂ ಬೇರೆ ತಂತಿ ತಂದು ಸಮಾನಾಂತರವಾಗಿ ಸೇರಿಸಬಾರದೇಕೆ ಎಂದು ಕೇಳಬಹುದು. ಇದಕ್ಕೆ ಉತ್ತರ ಕೋಲಾರದ ಚಿನ್ನದ ಗಣಿಯಲ್ಲಿದೆ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಸುಮಾರು 147 ಕಿಲೋಮೀಟರ್ ದೂರದ ಕೆಜಿಎಫ್‌ಗೆ ವಿದ್ಯುತ್ ಬಂತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಆರಂಭವಾದ ಯೋಜನೆ ಅದು. ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು ಅದಾದ ಮೇಲೆ, 1905ರಲ್ಲಿ. ಅಷ್ಟು ದೂರ ತಂತಿಯಲ್ಲಿ ಸೋರಿಹೋಗದೆ ವಿದ್ಯುತ್ ಬಂದದ್ದು ವೋಲ್ಟೇಜ್ ಏರಿಸಿ ಕರೆಂಟ್ ಇಳಿಸಿದ್ದರಿಂದ. ತಂತಿಯಲ್ಲಿ ಶಾಖವಾಗಿ ಹೋಗುವ ನಷ್ಟ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತದೆ. ಕರೆಂಟ್ ಅರ್ಧವಾದರೆ ನಷ್ಟ ಕಾಲು ಭಾಗ. ಭಾವನವರ ಒಂಬತ್ತು ಪ್ಯಾನೆಲ್‌ಗಳನ್ನು ಸಮಾನಾಂತರ ಜೋಡಿಸಿದರೆ 80 ಆಂಪಿಯರ್ ಹೊರುವ ಹೆಬ್ಬೆರಳು ದಪ್ಪದ ತಾಮ್ರದ ಕೇಬಲ್ ಬೇಕಾಗುತ್ತಿತ್ತು. ಸರಣಿಯಲ್ಲಿ ಒಂಬತ್ತಕ್ಕಿಂತ ಕಡಿಮೆ ಆಂಪಿಯರ್ ಸಾಕು. ಅದೇ ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ಆಮೇಲೆ 3 ಮೆಗಾವಾಟ್‌ನ ಸೌರ ಸ್ಥಾವರ ಬಂದಾಗಲೂ ಪಾಲಿಸಿದ್ದು ಇದೇ ನಿಯಮವನ್ನು. ಪಾವಗಡದಲ್ಲಿ ತಿರುಮಣಿ, ವಳ್ಳೂರು ಸೇರಿದಂತೆ ಐದು ಊರುಗಳ 13 ಸಾವಿರ ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದು ನಿಲ್ಲಿಸಿದ 2,050 ಮೆಗಾವಾಟ್‌ನ ಪಾರ್ಕಿನಲ್ಲೂ ಇದೇ. ಅಲ್ಲಿಗೆ ಹೋದವರು ಸಾಲು ಸಾಲುಗಳ ನಡುವೆ ಇಷ್ಟೊಂದು ಜಾಗ ಏಕೆ ಖಾಲಿ ಬಿಟ್ಟಿದ್ದಾರೆ ಎಂದು ಬೆರಗಾಗುತ್ತಾರೆ. ಅದು ವ್ಯರ್ಥ ಜಾಗವಲ್ಲ, ಮುಂದಿನ ಸಾಲಿನ ನೆರಳು ಬಿದ್ದುಕೊಳ್ಳಲು ಬಿಟ್ಟ ಅಂಗಳ.

ಭಾವನವರ ಮನೆಗೆ ಹಿಂತಿರುಗುತ್ತೇನೆ. ಅವರ ಮೊಬೈಲ್‌ನಲ್ಲಿ ದಿನದ ಉತ್ಪಾದನೆಯ ನಕ್ಷೆ ಇತ್ತು. ಆ ನಕ್ಷೆ ಓದಲು ಬಂದರೆ ಅರ್ಧ ರೋಗ ಪತ್ತೆಯಾದಂತೆ. ಗುಡ್ಡದ ಆಕಾರ ಸರಿಯಿದ್ದು ಎತ್ತರ ಮಾತ್ರ ಕಡಿಮೆಯಾಗಿದ್ದರೆ ಧೂಳು. ಗರಗಸದಂತಿದ್ದರೆ ಮೋಡ. ನಡುಹಗಲಿನಲ್ಲಿ ಆಗಾಗ ಸೊನ್ನೆಗೆ ಬಿದ್ದು ಏಳುತ್ತಿದ್ದರೆ ಬೀದಿಯ ಲೈನಿನ ವೋಲ್ಟೇಜ್ ಮಿತಿ ಮೀರಿ ಪ್ಯಾನೆಲ್‌ನ ನೇರ ವಿದ್ಯುತ್ತನ್ನು ಮನೆಯ ಪರ್ಯಾಯ ವಿದ್ಯುತ್ತಾಗಿ ಬದಲಿಸುವ ಇನ್ವರ್ಟರ್ ತಾನಾಗಿಯೇ ಲೈನಿನಿಂದ ಕಳಚಿಕೊಳ್ಳುತ್ತಿರಬಹುದು. ಭಾವನವರ ನಕ್ಷೆ ಬೆಳಗಿನಿಂದ ಎರಡೂವರೆವರೆಗೆ ನಂದಿಬೆಟ್ಟದಂತೆ ಸೊಗಸಾಗಿತ್ತು. ಆಮೇಲೆ ಟಿಪ್ಪು ಡ್ರಾಪ್. ಪ್ರತಿದಿನ ಅದೇ ಹೊತ್ತಿಗೆ. ಮೋಡಕ್ಕೆ ಸಮಯಪಾಲನೆ ಇರುವುದಿಲ್ಲ, ನೆರಳಿಗೆ ಇರುತ್ತದೆ.

ಒಂದು ವಿಷಯ ಮಾತ್ರ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ನೆರಳು ಮುಟ್ಟುತ್ತಿದ್ದದ್ದು ಮೂರು ಪ್ಯಾನೆಲ್‌ಗಳನ್ನು. ಡಯೋಡ್‌ಗಳು ಆ ಮೂರನ್ನೂ ಬದಿಗಿಟ್ಟರೂ ಆರು ಉಳಿಯಬೇಕು. ಉತ್ಪಾದನೆ ಅದಕ್ಕಿಂತ ತೀರಾ ಕೆಳಗಿತ್ತು. ಕಾರಣ ಇನ್ವರ್ಟರ್‌ನ ಹುಡುಕಾಟದ ಬಗೆ. ಅದು ವೋಲ್ಟೇಜನ್ನು ಸ್ವಲ್ಪ ಅತ್ತ, ಸ್ವಲ್ಪ ಇತ್ತ ಸರಿಸಿ, ಎಲ್ಲಿ ಹೆಚ್ಚು ವಾಟ್ ಸಿಗುತ್ತದೋ ಆ ಕಡೆಗೆ ಹೆಜ್ಜೆ ಹಾಕುತ್ತದೆ. ನೆರಳಿಲ್ಲದಾಗ ಹೆಚ್ಚು ವಾಟ್ ಸಿಗುವ ಶಿಖರ ಒಂದೇ, ತೊಂದರೆಯಿಲ್ಲ. ನೆರಳು ಬಿದ್ದಾಗ ಎರಡು ಶಿಖರಗಳು ಏಳುತ್ತವೆ. ದಟ್ಟ ಮಂಜಿನಲ್ಲಿ ಬೆಟ್ಟ ಹತ್ತುವವನು ಪಕ್ಕದ ಮರಡಿಯ ತುದಿ ತಲುಪಿ, ನಾಲ್ಕೂ ಕಡೆ ಇಳಿಜಾರೇ ಇದೆ, ಇದೇ ತುದಿ ಎಂದು ಬುತ್ತಿ ಬಿಚ್ಚಿ ಕುಳಿತಂತೆ, ಹಳೆಯ ಮಾದರಿಯ ಆ ಇನ್ವರ್ಟರ್ ಗಿಡ್ಡ ಶಿಖರದ ಮೇಲೆ ಕುಳಿತುಬಿಡುತ್ತಿತ್ತು. ನೆರಳಿನಲ್ಲೂ ಕೆಲಸ ಮಾಡುವ ಇನ್ವರ್ಟರ್‌ಗಳು ಆಗಾಗ ಇಡೀ ಬೆಟ್ಟಸಾಲನ್ನು ಒಮ್ಮೆ ಸುತ್ತಿ ಬರುತ್ತವೆ. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಇದು. ಯಾರೂ ಕೇಳುವುದಿಲ್ಲ, ವಾರಂಟಿ ಎಷ್ಟು ವರ್ಷ ಎಂದಷ್ಟೇ ಕೇಳುತ್ತಾರೆ.

‘ಸಂಕ್ರಾಂತಿ ಬರಲಿ, ಉತ್ತರಾಯಣ ಶುರುವಾದರೆ ನೆರಳು ತಾನೇ ಹಿಂದೆ ಸರಿಯುತ್ತದೆ’ ಎಂದರು ಭಾವ. ಮಾತಿನಲ್ಲಿ ಅರ್ಧ ಸತ್ಯವಿತ್ತು. ನಾನು ಡಿಸೆಂಬರ್ 21ರ ನಡುಹಗಲು ಟ್ಯಾಂಕಿನ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಬೀರಲು ಹೋದಾಗ ನೋಡಿದರೆ ನೆರಳು ಆ ಗೆರೆಗಿಂತ ಸುಮಾರು ಐದು ಇಂಚು ಹಿಂದಿತ್ತು. ಸೂರ್ಯ ತಿರುಗಿ ಮೂರು ವಾರ ಕಳೆದಿತ್ತು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ತೊನೆಯುವುದರಿಂದ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಂತೆ ಪಂಚಾಂಗದ ಮಕರವೂ ಆಕಾಶದ ಉತ್ತರಾಯಣವೂ ದೂರವಾಗಿವೆ; ಈಗ ಅಂತರ ಸುಮಾರು 24 ಡಿಗ್ರಿ. ಎರಡೂ ಒಂದೇ ದಿನ ಬರುತ್ತಿದ್ದದ್ದು ಸುಮಾರು 1,700 ವರ್ಷಗಳ ಹಿಂದೆ. ಪಂಚಾಂಗದವರಿಗೂ ಅಯನಾಂಶ ಎಂಬ ಹೆಸರಿನಲ್ಲಿ ಇದು ಚೆನ್ನಾಗಿ ಗೊತ್ತು. ಭಾವನವರು ಗೆರೆಯನ್ನೂ ನೆರಳನ್ನೂ ಬಹಳ ಹೊತ್ತು ನೋಡಿ, ‘ನೀನು ಗೆರೆ ಸರಿಯಾಗಿ ಎಳೆದಿದ್ದೀಯಾ?’ ಎಂದರು.

ಟ್ಯಾಂಕನ್ನು ಕದಲಿಸುವ ಮಾತೇ ಇರಲಿಲ್ಲ. ಪ್ಯಾನೆಲ್‌ಗಳನ್ನೇ ಸರಿಸುವುದೆಂದಾಯಿತು. ಲೆಕ್ಕ ಹಾಕಿದರೆ ಆ ತಾರಸಿಯಲ್ಲಿ ವರ್ಷವಿಡೀ ಟ್ಯಾಂಕಿನ ಕಾಟ ಅತಿ ಕಡಿಮೆ ಇರುವ ಜಾಗ ಆಗ್ನೇಯ. ಡಿಸೆಂಬರ್ ನೆರಳು ಅತ್ತ ಬರುವುದಿಲ್ಲ. ಜೂನ್ ನೆರಳು ಬಂದರೂ ಮೂರು ಗಂಟೆಯ ಹೊತ್ತಿಗೆ ಟ್ಯಾಂಕಿನ ಎತ್ತರದಷ್ಟೂ ಉದ್ದವಿರುವುದಿಲ್ಲ. ನಾನು ಹೀಗೆಂದು ಹೇಳುತ್ತಿದ್ದಂತೆ ಭಾವನವರ ಮುಖ ಅರಳಿತು. ಆಗ್ನೇಯವೆಂದರೆ ಅಗ್ನಿಮೂಲೆ, ವಿದ್ಯುತ್ತು ಇರಬೇಕಾದದ್ದು ಅಲ್ಲೇ ಎಂದು ವಾಸ್ತುವಿನವರು ಮೊದಲೇ ಹೇಳಿದ್ದರಂತೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಾನು ವಾದಿಸಿದೆ. ಟ್ಯಾಂಕು ಆಗ್ನೇಯದಲ್ಲಿದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದೂ ಕೇಳಿದೆ. ಪ್ರಯೋಜನವಾಗಲಿಲ್ಲ.

ಕೆಳಗಿಳಿಸಿದಾಗ ಪ್ರತಿ ಪ್ಯಾನೆಲನ್ನೂ ಬಿಸಿಲಿಗಿಟ್ಟು ಮಲ್ಟಿಮೀಟರ್ ಹಿಡಿದೆವು. ಎಂಟರಲ್ಲಿ 45 ವೋಲ್ಟ್ ಆಸುಪಾಸು, ಒಂದರಲ್ಲಿ 30. ಸರಿಯಾಗಿ ಮೂರನೇ ಒಂದು ಭಾಗ ಮಾಯ: ದಿನವೂ ದುಡಿದು ಬೆಂದ ಡಯೋಡ್ ಒಂದು ಶಾರ್ಟ್ ಆಗಿ, ಬಾಗಿಲು ತೆರೆದ ಸ್ಥಿತಿಯಲ್ಲೇ ಸತ್ತಿತ್ತು. ಬಿಡಿ ಪ್ಯಾನೆಲ್ ಅಳೆಯುವುದು ಸಲೀಸು. ಪೂರ್ತಿ ಸರಣಿಯ ತಂಟೆಗೆ ಮಾತ್ರ ಹೋಗಬೇಡಿ. ಅಲ್ಲಿರುವುದು 400 ವೋಲ್ಟ್ ನೇರ ವಿದ್ಯುತ್ತು. ಮನೆಯ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಕಿಡಿ ಬೇಗ ಆರುತ್ತದೆ. ನೇರ ವಿದ್ಯುತ್ತಿನ ಕಿಡಿ ಉರಿಯುತ್ತಲೇ ಇರುತ್ತದೆ. ಬಿಸಿಲಿರುವಷ್ಟು ಹೊತ್ತು ಅದನ್ನು ಆರಿಸುವ ಸ್ವಿಚ್ ಪ್ಯಾನೆಲ್‌ನಲ್ಲಿ ಇಲ್ಲ.

ಈಗ ಒಂಬತ್ತೂ ಪ್ಯಾನೆಲ್‌ಗಳು ಆಗ್ನೇಯದಲ್ಲಿವೆ, 13 ಡಿಗ್ರಿ ದಕ್ಷಿಣಕ್ಕೆ ವಾಲಿಕೊಂಡು. ಹೋದ ವಾರ ಭಾವನವರು ಫೋನ್ ಮಾಡಿದ್ದರು. ದಕ್ಷಿಣದ ಖಾಲಿ ಸೈಟಿನಲ್ಲಿ ಅಡಿಪಾಯ ತೋಡುತ್ತಿದ್ದಾರಂತೆ. ಎಷ್ಟು ಮಹಡಿ ಕಟ್ಟುತ್ತೀರಿ ಎಂದು ಕೇಳಲು ಅವರಿಗೆ ಸಂಕೋಚ. ನಾನೇ ಬಂದು ಕೇಳಬೇಕಂತೆ.