ನೀಲಿ ಆನೆಯ ಕಾಲಡಿ ಒಂದು ಕುಳಿ

ಗೌರಿ ಹುಣ್ಣಿಮೆ ಮುಗಿದು ಸಕ್ಕರೆ ಗೊಂಬೆಗಳ ಮರದ ಅಚ್ಚುಗಳು ಅಟ್ಟ ಸೇರುವ ಮೊದಲೇ ಧಾರವಾಡದ ನಮ್ಮ ಮನೆಯ ಮಕ್ಕಳು ಆನೆಯ ಅಚ್ಚನ್ನು ಎತ್ತಿಟ್ಟುಕೊಂಡಿದ್ದರು. ಜೊತೆಗೆ ಒಂದು ಡಬ್ಬಿ ತುಂಬ ಮುರಿದ ಮೇಣದ ಕ್ರೇಯಾನ್. ಅವನ್ನು ಕರಗಿಸಿ ಆನೆಯಾಕಾರದ ಹೊಸ ಕ್ರೇಯಾನ್ ಮಾಡಬೇಕೆಂಬ ಆಸೆ. ಅಚ್ಚನ್ನು ನೀರಿನಲ್ಲಿ ನೆನೆಸಿದೆವು. ನೀರು ಕುಡಿದ ಮರಕ್ಕೆ ಪಾಕವಾಗಲಿ ಮೇಣವಾಗಲಿ ಅಂಟುವುದಿಲ್ಲ. ಕಾಗದ ಸುಲಿದ ನೀಲಿ ತುಂಡುಗಳನ್ನು ಸ್ಟೀಲ್ ಲೋಟಕ್ಕೆ ಹಾಕಿ, ಲೋಟವನ್ನು ಕುದಿಯುವ ನೀರಿನಲ್ಲಿಟ್ಟು ಕರಗಿಸಿದೆ. ಈ ಕೆಲಸ ದೊಡ್ಡವರದೇ. ನೇರ ಉರಿಗಿಟ್ಟರೆ ಮೇಣ ಹೊತ್ತಿಕೊಳ್ಳಬಹುದು. ಧಾರವಾಡದ ಎತ್ತರದಲ್ಲಿ ನೀರು ಸುಮಾರು 97–98 ಡಿಗ್ರಿಗೇ ಕುದಿಯುತ್ತದೆ, ಲೋಟ ಅದಕ್ಕಿಂತ ಬಿಸಿಯಾಗದು.

ಅಂಚಿನವರೆಗೆ ಸುರಿದಿದ್ದೆವು. ಆರಿದ ಮೇಲೆ ಅಚ್ಚು ಬಿಚ್ಚಿದರೆ ಆನೆಯ ಕಾಲಡಿ ಹೆಬ್ಬೆರಳು ಹಿಡಿಸುವಷ್ಟು ಕುಳಿ. ನೆರೆಮನೆಯ ಹಿರಿಯರೊಬ್ಬರು ನೋಡಿ, “ದೃಷ್ಟಿ ತಾಗಿದೆ, ಉಪ್ಪು ನಿವಾಳಿಸಿ ಒಗೆಯಿರಿ” ಎಂದರು. ನನಗೆ ರೇಗಿತು. ಮೇಣಕ್ಕೆಂಥ ದೃಷ್ಟಿ!

ಹೊಲದಲ್ಲಿ ಜೋಳದ ಕಣಿಕೆಯನ್ನು ಅಡ್ಡಾದಿಡ್ಡಿ ಎಸೆದರೆ ಎಷ್ಟು ಜಾಗ ಬೇಕು? ಅದನ್ನೇ ಸಾಲಾಗಿ ಒಟ್ಟಿ ಬಣವೆ ಮಾಡಿದರೆ ಎಷ್ಟು? ಮೇಣದ ಅಣುಗಳೂ ಉದ್ದನೆಯ ಕಣಿಕೆಗಳೇ: ಇಪ್ಪತ್ತಕ್ಕೂ ಹೆಚ್ಚು ಇಂಗಾಲದ ಪರಮಾಣುಗಳು ಒಂದಕ್ಕೊಂದು ಕೈಹಿಡಿದ ಸರಪಳಿ. ಬಿಸಿಯಲ್ಲಿ ಅವು ಕುದಿಯುವ ನೀರಿನ ಶಾವಿಗೆಯಂತೆ ಬಳುಕಿ ಹೊರಳುತ್ತವೆ. ತಣಿದಾಗ ಅಂಗಡಿಯ ಶಾವಿಗೆ ಕಟ್ಟಿನಂತೆ ಮಗ್ಗುಲಿಗೆ ಮಗ್ಗುಲು ತಾಗಿಸಿ ಮಲಗುತ್ತವೆ. ಹೀಗೆ ಒತ್ತಾಗಿ ಮಲಗಿದಾಗ ಮೇಣದ ಗಾತ್ರ ಶೇ. 10ರಿಂದ 15ರಷ್ಟು ಕುಗ್ಗುತ್ತದೆ. ಅಚ್ಚಿಗೆ ತಾಗಿದ ಹೊರಮೈ ಮೊದಲು ಗಟ್ಟಿಯಾಗಿ ಗೋಡೆ ಕಟ್ಟುತ್ತದೆ. ಒಳಗಿನದು ಆಮೇಲೆ ಕುಗ್ಗುವಾಗ ಗೋಡೆ ಜಗ್ಗುವುದಿಲ್ಲ. ಕೊನೆಗೆ ಆರುವ ನಡುಭಾಗವೇ ಕೆಳಗಿಳಿಯಬೇಕು. ಡಿಸೆಂಬರಿನ ಚಳಿಗೆ ಹೆಪ್ಪುಗಟ್ಟಿದ ತುಪ್ಪದ ಡಬ್ಬಿಯ ನಡುವಿನ ತಗ್ಗನ್ನು ನೆನಪಿಸಿಕೊಳ್ಳಿ. ಅದಕ್ಕೆ ಯಾರೂ ಉಪ್ಪು ನಿವಾಳಿಸುವುದಿಲ್ಲ.

ನಿಜಕ್ಕೂ ವಿಚಿತ್ರವಾದದ್ದು ನೀರು. ಅದು ಹೆಪ್ಪುಗಟ್ಟುವಾಗ ಹಿಗ್ಗಿ ಫ್ರೀಜರಿನ ಬಾಟಲಿ ಒಡೆಯುತ್ತದೆ. ಮಂಜುಗಡ್ಡೆ ನೀರಿನ ಮೇಲೆ ತೇಲುತ್ತದೆ, ಕ್ರೇಯಾನ್ ತುಂಡು ಕರಗಿದ ಮೇಣದಲ್ಲಿ ಮುಳುಗುತ್ತದೆ. ಮಕ್ಕಳು ಇದನ್ನು ನಾಲ್ಕು ಸಲ ಮಾಡಿಸಿ ನೋಡಿದರು. ಐದನೆಯದು ನನಗಾಗಿ.

ಹಿರಿಯರನ್ನು ಬಯ್ಯುವ ಮುನ್ನ ಇದನ್ನೂ ಹೇಳಬೇಕು. 1830ರ ಸುಮಾರಿಗೆ ಮರದ ಟಾರಿನಿಂದ ಈ ಮೇಣವನ್ನು ಬೇರ್ಪಡಿಸಿದವನು ಜರ್ಮನಿಯ ಕಾರ್ಲ್ ರೈಖೆನ್‌ಬಾಕ್. ಬೇರೆ ವಸ್ತುಗಳೊಡನೆ ಅಷ್ಟಾಗಿ ನಂಟು ಬೆಳೆಸದ ಇದಕ್ಕೆ ಪ್ಯಾರಾಫಿನ್ ಎಂಬ ಹೆಸರು ಬಂದದ್ದು ‘ನಂಟು ಕಡಿಮೆ’ ಎಂಬ ಅರ್ಥದ ಲ್ಯಾಟಿನ್ ಪದಗಳಿಂದ. ಅಷ್ಟು ಚೊಕ್ಕ ರಸಾಯನಶಾಸ್ತ್ರಜ್ಞ ಮುಂದೆ, ಮನುಷ್ಯರಿಂದಲೂ ಅಯಸ್ಕಾಂತದಿಂದಲೂ ‘ಓಡ್’ ಎಂಬ ಶಕ್ತಿ ಹೊಮ್ಮುತ್ತದೆ, ಸೂಕ್ಷ್ಮ ಮನಸ್ಸಿನವರಿಗೆ ಕತ್ತಲಲ್ಲಿ ಅದು ಕಾಣುತ್ತದೆ ಎಂದು ವರ್ಷಗಟ್ಟಲೆ ವಾದಿಸಿದ. ನಮ್ಮ ನೆರೆಮನೆಯವರು ಅವನ ಮುಂದೆ ಏನೂ ಅಲ್ಲ.

ಸೀಮೆಸುಣ್ಣದ ಚೂರುಗಳನ್ನೂ ಹೀಗೆ ಮಾಡೋಣವೇ ಎಂದು ಕಿರಿಯವಳು ಕೇಳಿದಳು. ಅದು ಬಹುಪಾಲು ಜಿಪ್ಸಂ. ಕುಡಿಯಬೇಕಾದ ನೀರನ್ನು ಆಗಲೇ ಕುಡಿದು ಗಟ್ಟಿಯಾಗಿರುವುದರಿಂದ, ಪುಡಿಗೆ ಮತ್ತೆ ನೀರು ಕಲಸಿದರೆ ಆರಿದ ಮೇಲೆ ಉದುರುವ ಮುದ್ದೆ ಸಿಗುತ್ತದೆ, ಅಷ್ಟೇ.

ಆನೆಯ ಕುಳಿಗೆ ಇನ್ನೊಂದು ಸಲ ಮೇಣ ಸುರಿದೆವು. ನೀಲಿ ಮುಗಿದು ಹಸಿರು ಮಾತ್ರ ಉಳಿದಿತ್ತು. ಈಗ ಆನೆ ಸೊಂಡಿಲಿನಿಂದ ನೀಲಿ ಗೀಚುತ್ತದೆ, ಕಾಲಡಿಯಿಂದ ಹಸಿರು.