ಕನೆಕ್ಟರ್ ಒಳಗೆ ನಿಜವಾಗಿ ಮುಟ್ಟುವುದು ಎಷ್ಟು?

ಕನೆಕ್ಟರ್ ಕೈಕೊಟ್ಟರೆ ಪಿನ್ನನ್ನು ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ ಫಳಫಳ ಹೊಳೆಸುವವರು ಬಹಳ ಜನ. ನುಣುಪಾದಷ್ಟೂ ಲೋಹಕ್ಕೆ ಲೋಹ ಚೆನ್ನಾಗಿ ಕೂರುತ್ತದೆ, ಕರೆಂಟ್ ಸಲೀಸಾಗಿ ಹರಿಯುತ್ತದೆ ಎಂಬುದು ಅವರ ಲೆಕ್ಕ. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಲೋಹಗಳು ಹಾಗೆ ಮೈಗೆ ಮೈ ತಾಗಿಸಿ ಕೂರುವುದೇ ಇಲ್ಲ.

ಎಷ್ಟೇ ಪಾಲಿಶ್ ಮಾಡಿ, ಸೂಕ್ಷ್ಮದರ್ಶಕದಲ್ಲಿ ಲೋಹದ ಮೇಲ್ಮೈ ಬರೀ ಏರುತಗ್ಗು. ಪಿನ್ ಸಾಕೆಟ್ಟಿಗೆ ಹೋದಾಗ ಈ ಕಡೆಯ ಕೆಲವು ಉಬ್ಬುಗಳು ಆ ಕಡೆಯ ಕೆಲವನ್ನು ಮುಟ್ಟುತ್ತವೆ, ಅಷ್ಟೇ. ಸಾಕೆಟ್ಟಿನೊಳಗಿನ ಸ್ಪ್ರಿಂಗ್ ಒತ್ತಿದಂತೆ ಅವು ಚಪ್ಪಟೆಯಾಗುತ್ತವೆ. ಆ ಬಲವನ್ನು ತಾಳಿಕೊಳ್ಳುವಷ್ಟು ಅಗಲವಾದ ಕೂಡಲೇ ನಿಲ್ಲುತ್ತವೆ. ಹಾಗಾಗಿ ನಿಜವಾಗಿ ಮುಟ್ಟುವ ಜಾಗವೆಂದರೆ, ಹೆಚ್ಚುಕಡಿಮೆ, ಒತ್ತುವ ಬಲವನ್ನು ಲೋಹದ ಗಡಸುತನದಿಂದ ಭಾಗಿಸಿದಷ್ಟು. ಪಿನ್ನಿನ ಅಗಲ ಈ ಲೆಕ್ಕಕ್ಕೆ ಬರುವುದೇ ಇಲ್ಲ! ತಾಮ್ರದ ಮೇಲೆ 1 ನ್ಯೂಟನ್, ಅಂದರೆ ಸುಮಾರು 100 ಗ್ರಾಂ ತೂಕದಷ್ಟು ಒತ್ತಿದರೆ, ಮುಟ್ಟುವುದು ಸುಮಾರು 0.001 ಚದರ ಮಿಲಿಮೀಟರ್. 1939ರಲ್ಲಿ ಬೌಡನ್ ಮತ್ತು ಟೇಬರ್ ಎಂಬ ವಿಜ್ಞಾನಿಗಳು ಇದನ್ನು ಕಂಡುಕೊಂಡಿದ್ದು ಕರೆಂಟ್ ಹರಿಸಿಯೇ. ಕಣ್ಣಿಗೆ ಕಾಣದ ಜಾಗವನ್ನು ವಿದ್ಯುತ್ ರೋಧದಿಂದ ಅಳೆದರು. ಎಂಥ ಚಂದದ ಉಪಾಯ!

ಇನ್ನು ನನಗೆ ಬಲು ಇಷ್ಟವಾದ ಭಾಗ. ಈ ಪುಟ್ಟ ಚುಕ್ಕೆಗಳ ಬಗ್ಗೆ ಆಯುಷ್ಯವಿಡೀ ತಲೆಕೆಡಿಸಿಕೊಂಡವರು ವಿಜ್ಞಾನಿ ರಾಗ್ನರ್ ಹೋಲ್ಮ್. ಅವರು ಇವನ್ನು 'ಎ-ಸ್ಪಾಟ್' ಎಂದು ಕರೆದರು. ತುಂಬಿದ ಮೈದಾನಕ್ಕೆ ಒಂದೇ ಕಿರುಬಾಗಿಲಿದ್ದರೆ ಏನಾಗುತ್ತದೆ? ನೂಕುನುಗ್ಗಲು ಬಾಗಿಲಲ್ಲಷ್ಟೇ ಅಲ್ಲ, ಅದರ ಮುಂದೆಯೂ ಇರುತ್ತದೆ. ಕರೆಂಟೂ ಹೀಗೇ ಚುಕ್ಕೆಯ ಕಡೆಗೆ ಬಾಗಿ, ಕಿರಿದಾಗಿ, ದಾಟಿ, ಮತ್ತೆ ಹರಡಬೇಕು. ಈ ಇಕ್ಕಟ್ಟಿನ ರೋಧ ಬೇಕೆಂದರೆ ಲೋಹದ ರೋಧಶೀಲತೆಯನ್ನು (ಆ ಲೋಹ ಕರೆಂಟಿಗೆ ಎಷ್ಟು ಅಡ್ಡಿ ಅನ್ನುವ ಅಳತೆ) ಚುಕ್ಕೆಯ ವ್ಯಾಸದಿಂದ ಭಾಗಿಸಿ. ತಾಮ್ರದಲ್ಲಿ 10 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ತ್ರಿಜ್ಯದ ಚುಕ್ಕೆಗೆ ಸುಮಾರು 0.85 ಮಿಲಿಓಮ್.

ಅದೇ ಒಟ್ಟು ವಿಸ್ತೀರ್ಣವನ್ನು 100 ಚಿಕ್ಕ ಬಾಗಿಲುಗಳಾಗಿ ಹಂಚಿ, ದೂರದೂರ ಇಟ್ಟರೆ? ರೋಧ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಒತ್ತೊತ್ತಾಗಿ ಇಟ್ಟರೆ ಇಷ್ಟು ಲಾಭವಿಲ್ಲ, ಎಲ್ಲರೂ ಮತ್ತೆ ಒಂದೇ ಮೂಲೆಗೆ ನುಗ್ಗುತ್ತಾರೆ. ಚುಕ್ಕೆಗಳು ಎಷ್ಟು, ಎಲ್ಲೆಲ್ಲಿ ಹರಡಿವೆ ಅನ್ನುವುದನ್ನು ತೀರ್ಮಾನಿಸುವಲ್ಲಿ ಒರಟುತನದ ಕೈವಾಡವಿದೆ. ಗ್ರೀನ್‌ವುಡ್ ಮತ್ತು ವಿಲಿಯಮ್ಸನ್ ಎಂಬ ಸಂಶೋಧಕರು 1966ರಲ್ಲಿ ತೋರಿಸಿದ ಹಾಗೆ, ಬಲ ಹೆಚ್ಚಿದಂತೆ ಇರುವ ಚುಕ್ಕೆಗಳು ದೊಡ್ಡದಾಗುವುದಕ್ಕಿಂತ ಹೊಸ ಚುಕ್ಕೆಗಳು ಹುಟ್ಟುವುದೇ ಜಾಸ್ತಿ.

ಹಾಗಂತ ಒರಟು ಮಾಡಿಬಿಡೋಣವೇ? ಬೇಡ. ಚೂಪಾದ ಉಬ್ಬುಗಳು ಆಕ್ಸೈಡ್ ಪದರವನ್ನು ಸೀಳಿ ಲೋಹಕ್ಕೆ ದಾರಿ ಮಾಡುತ್ತವೆ, ನಿಜ. ಆದರೆ ಪಿನ್ ಹಾಕಿ ತೆಗೆಯುವಾಗ ಅವೇ ಲೇಪವನ್ನು ಕೆರೆದುಹಾಕುತ್ತವೆ. ಜೊತೆಗೆ, ಒರಟು ತಳದ ಮೇಲೆ ತೆಳು ಚಿನ್ನ ಲೇಪಿಸಿದರೆ ಸಣ್ಣ ರಂಧ್ರಗಳು ಜಾಸ್ತಿ ಉಳಿಯುತ್ತವೆ. ಅಲ್ಲಿಂದ ತುಕ್ಕು ಶುರು.

ತವರದ ಲೇಪವಿದ್ದರೆ ಕಥೆ ಬೇರೆ. ಕಂಪನದಿಂದಲೋ, ಬಿಸಿ ಏರಿಳಿದೋ, ಪಿನ್ ಕೆಲವೇ ಮೈಕ್ರಾನ್ ಹಿಂದೆಮುಂದೆ ಜರುಗುತ್ತಿದ್ದರೂ ಸಾಕು. ಪ್ರತಿ ಸಲ ಹೊಸ ತವರ ಗಾಳಿಗೆ ಬಿದ್ದು ಆಕ್ಸೈಡ್ ಆಗುತ್ತದೆ, ಆ ಕಪ್ಪು ಪುಡಿ ಚುಕ್ಕೆಗಳ ನಡುವೆಯೇ ಸೇರಿಕೊಳ್ಳುತ್ತದೆ. ಒಮ್ಮೆ ಕಿತ್ತು ಮತ್ತೆ ಹಾಕಿದರೆ ಉಪಕರಣ ಸರಿಹೋಗುವುದು ಇದಕ್ಕೇ. ಜಾರುವಾಗ ಪುಡಿ ಪಕ್ಕಕ್ಕೆ ಸರಿದು ಹೊಸ ಚುಕ್ಕೆಗಳು ಸಿಗುತ್ತವೆ. ಅದರಲ್ಲಿ ಪವಾಡವೇನೂ ಇಲ್ಲ.

ಮತ್ತೆ ಸ್ಯಾಂಡ್ ಪೇಪರಿಗೆ ಬಂದರೆ, ಒಳ್ಳೆಯ ಕನೆಕ್ಟರಿನ ಚಿನ್ನವೂ ಸಾಮಾನ್ಯವಾಗಿ 1 ಮೈಕ್ರಾನಿಗಿಂತ ತೆಳು. ನಾಲ್ಕು ಸಲ ತಿಕ್ಕಿದರೆ ಅದು ಹೋಗಿ ಕೆಳಗಿನ ನಿಕ್ಕಲ್ ಹೊರಬರುತ್ತದೆ. ಅವತ್ತಿಗೆ ಎಲ್ಲ ಸರಿಯಾಗಿಯೇ ಓಡುತ್ತದೆ. ಆಮೇಲೆ ನಿಕ್ಕಲ್ ಮೇಲೆ ಗಟ್ಟಿ ಆಕ್ಸೈಡ್ ಕೂರುತ್ತದೆ. ಚಿನ್ನಕ್ಕೆಂದು ಮೆದುವಾಗಿ ಮಾಡಿದ ಸ್ಪ್ರಿಂಗಿಗೆ ಅದನ್ನು ಸೀಳುವಷ್ಟು ಬಲವಿರುವುದಿಲ್ಲ.