ಮೊದ್ಲು ಸೀಲ್ ಹಾಕಿಸ್ಕೊಂಡು ಬನ್ನಿ

ವಿಕಲಚೇತನರ ಹಕ್ಕುಗಳ ಬಗ್ಗೆ ಕಾರ್ಯಕರ್ತರಿಗೆ ಟ್ರೈನಿಂಗ್ ಕೊಡೋದು ನನ್ನ ಕೆಲ್ಸ. ಬರೋರೆಲ್ಲಾ ಚುರುಕು, 2016ರ ಕಾಯ್ದೆ, 21 ವಿಧದ ಅಂಗವೈಕಲ್ಯ, ಸರ್ಕಾರಿ ನೌಕರಿಲಿ 4 ಪರ್ಸೆಂಟ್ ಮೀಸಲಾತಿ, ಎಲ್ಲಾ ಬಾಯಿಪಾಠ. ಆದ್ರೆ "ಪಂಚಾಯ್ತಿಗೆ ಕೊಟ್ಟ ಅರ್ಜಿದು ಸ್ವೀಕೃತಿ ತೋರ್ಸಿ" ಅಂದ್ರೆ ಮುಖ ಮುಖ ನೋಡ್ಕೋತಾರೆ. "ಪಿಡಿಒ ಸಾಹೇಬ್ರಿಗೆ ಬಾಯಲ್ಲೇ ಹೇಳಿದೀವಿ ಮೇಡಂ, ಮಾಡ್ಕೊಡ್ತೀನಿ ಅಂದಿದಾರೆ." ಅಯ್ಯೋ, ಅವ್ರು ಟ್ರಾನ್ಸ್‌ಫರ್ ಆದ ದಿನ ಆ ಮಾತೂ ಅವ್ರ ಜೊತೆ ಟ್ರಾನ್ಸ್‌ಫರ್ ಆಗತ್ತೆ!

ಅರ್ಜಿ ಎರಡು ಪ್ರತಿ ಮಾಡಿ, ಒಂದು ಕೊಡಿ, ಇನ್ನೊಂದ್ರ ಮೇಲೆ ಸೀಲು, ತಾರೀಖು, ಸಹಿ ಹಾಕಿಸ್ಕೊಳಿ. "ಸಾಹೇಬ್ರು ಇಲ್ಲ, ನಾಳೆ ಬನ್ನಿ" ಅಂದ್ರೆ ಜಗಳ ಬೇಡ, ಸೀದಾ ಪೋಸ್ಟ್ ಆಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳಿ. ಯಾಕಿಷ್ಟು ಹಠ ಅಂದ್ರೆ, ನಾಳೆ ವಿಕಲಚೇತನರ ಹಕ್ಕು ನೋಡ್ಕೊಳೋ ರಾಜ್ಯ ಆಯುಕ್ತರ ಹತ್ರ ದೂರು ಒಯ್ದಾಗ ಏನ್ ಕೇಳಿದ್ರಿ, ಯಾವಾಗ ಕೇಳಿದ್ರಿ ಅನ್ನೋದಕ್ಕೆ ಸಾಕ್ಷಿ ಬೇಕು. ಆಯುಕ್ತರು ಶಿಫಾರಸು ಕಳ್ಸಿದ್ಮೇಲೆ ಇಲಾಖೆಯವ್ರು ಮೂರು ತಿಂಗಳೊಳಗೆ ಏನು ಮಾಡಿದ್ರು ಅಂತ ತಿಳಿಸ್ಬೇಕು, ಒಪ್ಪದಿದ್ರೆ ಯಾಕೆ ಅಂತಾನೂ ಹೇಳ್ಬೇಕು. ಅಲ್ಲಿವರೆಗೂ ಫೈಲ್ ಹೋಗ್ಬೇಕು ಅಂದ್ರೆ ಶುರು ಆಗೋದು ಆ ನೇರಳೆ ಇಂಕಿನ ಸೀಲಿಂದ. ಕೇಸು ಕೋರ್ಟಿಗೆ ಹೋಗೋ ಹಂಗಿದ್ರೆ ಮಾತ್ರ ವಕೀಲರನ್ನ ಕೇಳಿ, ನನ್ ಮಾತೇ ಕೊನೆ ಅಂದ್ಕೋಬೇಡಿ.

ಒಬ್ಬ ಹುಡ್ಗ ಬರ್ತಿದ್ದ, ವೀಲ್‌ಚೇರಲ್ಲಿ ಓಡಾಡೋನು, ಊರಿನ ಪಂಚಾಯ್ತಿ ಆಫೀಸಿನ ರ‍್ಯಾಂಪ್ ಬಗ್ಗೆ ಎಲ್ಲರ ಹತ್ರ ಹೇಳಿ ಹೇಳಿ ಸಾಕಾಗಿದ್ದ. ಹೋಗಿ ನೋಡಿದ್ರೆ ರ‍್ಯಾಂಪ್ ಇತ್ತು ಕಣ್ರೀ! ಎರಡಡಿ ಎತ್ತರಕ್ಕೆ ಆರಡಿ ಉದ್ದ, ಮೇಲ್ಗಡೆ ಎರಡು ಹೂವಿನ ಕುಂಡ. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ಅಂದ್ರೆ ಅಲ್ಲಿ 24 ಅಡಿ. "ಅನುಕೂಲ ಮಾಡಿಕೊಡಿ" ಅಂತಿದ್ದ ಅವನ ಅರ್ಜಿನ ಹರಿದು ಈ ಅಳತೆ ಹಾಕಿ ಬರಿಸ್ದೆ, ಜೊತೆಗೆ ಪಂಚಾಯ್ತಿಯವ್ರು ವಿಕಲಚೇತನರಿಗೆ ಅಂತ ತೆಗ್ದಿಡೋ 5 ಪರ್ಸೆಂಟ್ ದುಡ್ಡು ಎಲ್ಲಿ ಖರ್ಚಾಯ್ತು ಅಂತ ಒಂದು ಆರ್‌ಟಿಐ, ಅದಕ್ಕೆ 30 ದಿನದಲ್ಲಿ ಉತ್ತರ ಕೊಡ್ಲೇಬೇಕಲ್ಲ. ಸೀಲ್ ಹಾಕೋವಾಗ ಗುಮಾಸ್ತರು ಅರ್ಜಿನ ಎರಡು ಸಲ ಓದಿದ್ರಂತೆ. ಕುಂಡ ಮಾರನೇ ದಿನಾನೇ ಜಾಗ ಬಿಡ್ತು, ರ‍್ಯಾಂಪ್ ಒಡೆದು ಕಟ್ಟೋಕೆ ಮಾತ್ರ ಇನ್ನೂ ಎಸ್ಟಿಮೇಟ್ ಹಾಕ್ತಾ ಇದಾರೆ, ಎರಡನೇ ಅರ್ಜಿ ಅವನೇ ಬರ್ದಿದಾನೆ.